ಐಸ್ ಹಾಕಿಯ ಹರಿಹರ ದಿಗ್ವಿಜಯ

ದಾವಣಗೆರೆ ವಿನೋಬನಗರದ ಐಸ್ ಫ್ಯಾಕ್ಟರಿ ಮುರುಗೇಶಪ್ಪನವರು ಹರಿಹರದಿಂದ ಮಲೆಬೆನ್ನೂರಿಗೆ ಹೋಗುವ ಬಸ್ಸು ಹತ್ತಿದರೆ ಇವತ್ತಿಗೂ ಎಡಗಡೆಯ ಕಿಟಕಿಗೆ ಕೂರುವುದಿಲ್ಲ. ಬಲಗಡೆ ಜಾಗ ಸಿಗದಿದ್ದರೆ ನಿಂತೇ ಹೋಗುತ್ತಾರೆ. ಯಾರಾದರೂ ಮರ್ಯಾದೆಯಿಂದ ಎದ್ದು ಎಡಗಡೆಯ ಸೀಟು ಬಿಟ್ಟುಕೊಟ್ಟರೆ ಬೇಡವೆನ್ನಲಾಗದೆ ಕೂತು, ಊರು ದಾಟಿ ರಸ್ತೆ ಹೊರಳುವ ಹೊತ್ತಿಗೆ ಚಪ್ಪಲಿ ಹುಡುಕಲು ಬಗ್ಗುತ್ತಾರೆ. ಚಪ್ಪಲಿ ಕಾಲಲ್ಲೇ ಇರುತ್ತದೆ. ಆ ತಿರುವಿನ ಎಡಕ್ಕೆ ಅವರ ಭಾವಮೈದುನ ಶಿವಕುಮಾರನ ರೈಸ್ ಮಿಲ್ಲು, ಮಿಲ್ಲಿನ ಹಿಂದೆ ಭತ್ತ ಒಣಗಿಸುವ ಸಿಮೆಂಟಿನ ಕಣ, ಕಣಕ್ಕೆ ಹೊಂದಿಕೊಂಡು ಓಬಕ್ಕನ ಗದ್ದೆ. ಜಗತ್ತಿನ ಐಸ್ ಹಾಕಿಯ ಚರಿತ್ರೆಯಲ್ಲಿ ಆ ಕಣದ ಹೆಸರು ಎಲ್ಲಿಯೂ ಇಲ್ಲ. ಮುರುಗೇಶಪ್ಪನವರಿಗೆ ಈಗ ಉಳಿದಿರುವ ಸಮಾಧಾನ ಅದೊಂದೇ.

ಐಸ್ ಫ್ಯಾಕ್ಟರಿಯವರದು ರಾಜಯೋಗ. ಆದರೆ ಅರ್ಧ ವರ್ಷಕ್ಕೆ ಮಾತ್ರ. ಬೇಸಿಗೆಯಲ್ಲಿ ಮುರುಗೇಶಪ್ಪನವರ ಅಪ್ಪಣೆಯಿಲ್ಲದೆ ದಾವಣಗೆರೆಯಲ್ಲಿ ಮದುವೆ ಮನೆಯ ಶರಬತ್ತು ತಣ್ಣಗಾಗುತ್ತಿರಲಿಲ್ಲ, ಸೋಡಾ ಅಂಗಡಿಯ ಬಾಗಿಲು ತೆರೆಯುತ್ತಿರಲಿಲ್ಲ, ಕುಲ್ಫಿ ಗಾಡಿಯ ಗಂಟೆ ಅಲುಗುತ್ತಿರಲಿಲ್ಲ. ಚಳಿ ಬಿತ್ತೋ, ಅದೇ ಜನ ಅವರನ್ನು ದೂರದಿಂದ ಕಂಡೇ ಮಫ್ಲರ್ ಬಿಗಿ ಮಾಡಿಕೊಳ್ಳುತ್ತಿದ್ದರು. ಜನವರಿಯಲ್ಲಿ ಅವರ ಸ್ಥಿತಿ ಮಾಜಿ ಮಂತ್ರಿಯದು. ನಮಸ್ಕಾರಕ್ಕೆ ಬರವಿಲ್ಲ, ಕೆಲಸ ಹೇಳಿಕೊಂಡು ಬರುವವರಿಲ್ಲ. ಸುಮ್ಮನೆ ಕೂರುವ ಮನುಷ್ಯನೂ ಅಲ್ಲ ಅವರು. ಬೀದಿಯ ಗಣಪತಿಯಿಂದ ಹಿಡಿದು ಚರಂಡಿ ಹೋರಾಟ ಸಮಿತಿಯವರೆಗೆ ಎಲ್ಲದಕ್ಕೂ ಅಧ್ಯಕ್ಷರಾಗಿದ್ದರು. ದಾವಣಗೆರೆ ಜಿಲ್ಲೆಯಾದಾಗ ಎದೆ ಉಬ್ಬಿಸಿಕೊಂಡು ಓಡಾಡಿದ ರೀತಿ ನೋಡಿದರೆ ಜಿಲ್ಲೆಯನ್ನು ಅವರೇ ಫ್ಯಾಕ್ಟರಿಯ ಅಚ್ಚಿನಿಂದ ತೆಗೆದುಕೊಟ್ಟಂತಿತ್ತು.

ತೊಂಬತ್ತೆಂಟರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಕೇಬಲ್ ಟೀವಿಯ ಗುಂಡಿ ಒತ್ತುತ್ತಾ ಹೋದವರು ಒಂದು ಕಡೆ ನಿಂತುಬಿಟ್ಟರು. ಪರದೆಯ ತುಂಬ ಐಸು. ಅದರ ಮೇಲೆ ದಪ್ಪ ದಪ್ಪ ಅಂಗಿ ತೊಟ್ಟ ದಾಂಡಿಗರು ಕೋಲು ಹಿಡಿದು ಒಬ್ಬರನ್ನೊಬ್ಬರು ಗೋಡೆಗೆ ಒತ್ತುತ್ತಿದ್ದರು. ಬೇರೆಯವರಾಗಿದ್ದರೆ ದಾಂಡಿಗರನ್ನು ನೋಡುತ್ತಿದ್ದರು. ಮುರುಗೇಶಪ್ಪನವರು ನೋಡಿದ್ದು ಐಸನ್ನು. ಒಂದು ಆಟಕ್ಕೆ ಅಷ್ಟು ಐಸು! ಅದೂ ಕರಗಿದ ಮೇಲೆ ಮತ್ತೆ ಬೇಕು!

ಆ ವಾರವೇ ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೈಗೆ ಸಿಕ್ಕಿದ ಪತ್ರಿಕೆಯ ಮೂಲೆಯಲ್ಲಿ ಸುದ್ದಿ ಇತ್ತು. ಅಮೆರಿಕದ ಐಸ್ ಹಾಕಿ ಲೀಗಿನವರು ಹಿಮವೇ ಅಪರೂಪವಾದ ದಕ್ಷಿಣದ ಸೆಕೆಯ ಊರುಗಳಿಗೂ ತಂಡ ಕೊಡುತ್ತಿದ್ದಾರೆ. ಹೊಸ ಮಾರುಕಟ್ಟೆಯಿಂದ ಆಟಕ್ಕೆ ಒಳ್ಳೆಯದು ಎಂದು ಕೆಲವರು, ಕೆಡುಕು ಎಂದು ಕೆಲವರು ವಾದಿಸುತ್ತಿದ್ದಾರೆ. ಎದುರಿಗೆ ಕೂತಿದ್ದವನು ಬಾಲ್ಯದ ಗೆಳೆಯ ಮೈಲಪ್ಪ, ಹೈಸ್ಕೂಲಿನ ಡ್ರಿಲ್ ಮಾಸ್ತರು. ಕಲ್ಲು ತುಂಬಿದ ಮೈದಾನದಲ್ಲಿ ತನ್ನ ಹಳೆಯ ಶಿಷ್ಯರನ್ನು ಕಟ್ಟಿಕೊಂಡು ನೆಲದ ಹಾಕಿ ಆಡಿಸುತ್ತ ಬಂದವನು.

"ಲೇ ಮೈಲ್ಯಾ, ಓದು ಇದನ್ನ. ಬಿಸಿಲೂರಿಗೆಲ್ಲ ಐಸ್ ಹಾಕಿ ಕೊಡ್ತಾ ಅದಾರಂತೆ."

"ಕೊಡ್ಲಿ ಬಿಡು. ಚಟ್ನಿ ಹಾಕಿಸ್ಕ."

"ಚಟ್ನಿ ಹಾಳಾಗ್ಲಿ. ಆಟ ಅನ್ನೋದು ಹುಟ್ಟಿದೂರಾಗೇ ಕುಂತ್ರೆ ಬೆಳಿತೈತೇನಲೇ? ಹೊಸ ಊರಿಗೆ ಹೋಗ್ಬೇಕು, ಹೊಸ ಜನ ನೋಡ್ಬೇಕು, ಹೊಸ ಹುಡುಗ್ರು ಆಡ್ಬೇಕು. ಕ್ರಿಕೆಟ್ ಏನು ನಮ್ಮ ವಿನೋಬನಗರದಾಗ ಹುಟ್ಟಿತ್ತಾ?"

"ಕ್ರಿಕೆಟ್ಟಿಗೆ ಒಂದು ಬಯಲಿದ್ರೆ ಆತು. ಇದಕ್ಕೆ ಐಸ್ ಬೇಕಲ್ಲೋ."

"ಐಸ್ ಯಾರ ಹತ್ರ ಐತೆ?"

ಮೈಲಪ್ಪ ಬಾಯಿಗಿಟ್ಟ ದೋಸೆಯನ್ನು ಅಗಿಯುವುದು ನಿಲ್ಲಿಸಿದ. "ಓಹೋ! ಈಗ ತಿಳೀತು. ಲೇ, ಇದು ಆಟ ಬೆಳೆಸೋ ಮಾತೋ, ಜನವರ್ಯಾಗ ಐಸ್ ಖಾಲಿ ಮಾಡೋ ಮಾತೋ?"

"ಎರಡೂ ಒಂದೇ ಕಣೋ. ಅಮೆರಿಕದಾಗೂ ಅಷ್ಟೇ ಇರ್ತೈತೆ, ಬೇಕಾದ್ರೆ ಕೇಳು."

ಕೇಳಲು ಅಮೆರಿಕದವರು ಯಾರೂ ಹೋಟೆಲಿನಲ್ಲಿರಲಿಲ್ಲ. ವಾದ ಮುರುಗೇಶಪ್ಪನವರಂತೆಯೇ ಮುಗಿಯಿತು.

ಹೀಗೆ ದಾವಣಗೆರೆ–ಹರಿಹರ ವೃತ್ತಿಪರ ಐಸ್ ಹಾಕಿ ಮಂಡಳಿ ಹುಟ್ಟಿತು. ದುಡ್ಡಿಗೆ ಆಡಿದರೆ ವೃತ್ತಿಪರರು ಎನ್ನುವುದಾದರೆ ದೋಸೆಗೆ ಆಡಿದರೂ ವೃತ್ತಿಪರರೇ ಎಂದು ಅಧ್ಯಕ್ಷರು ತೀರ್ಪು ಕೊಟ್ಟರು. ಮೈಲಪ್ಪನ ಹುಡುಗರನ್ನೇ ಎರಡು ಭಾಗ ಮಾಡಿ ಒಂದಕ್ಕೆ ದಾವಣಗೆರೆ ಹಿಮವೀರರು, ಇನ್ನೊಂದಕ್ಕೆ ಹರಿಹರ ಹಿಮಸಿಂಹಗಳು ಎಂದು ನಾಮಕರಣವಾಯಿತು. ಕಾಲಿಗೆ ಕಟ್ಟುವ ಉಕ್ಕಿನ ಅಲಗಿನ ಬೂಟು ಎಲ್ಲಿಯೂ ಸಿಗಲಿಲ್ಲ. ಕ್ಯಾನ್ವಾಸ್ ಶೂ ಹಾಕಿಸಿ, ಬಿದ್ದು ಸೊಂಟ ಮುರಿದುಕೊಂಡಾರೆಂದು ಮೇಲೆ ಗೋಣಿತಾಟು ಸುತ್ತಿಸಿದರು. ಜಾರುವುದಕ್ಕಾಗಿಯೇ ಇರುವ ಆಟಕ್ಕೆ ಜಾರದಂತೆ ಕಾಲು ಕಟ್ಟಿಕೊಂಡು ಹೊರಟ ತಂಡಗಳು ಭೂಮಂಡಲದಲ್ಲಿ ಇವೆರಡೇ ಇರಬೇಕು. ಚೆಂಡಿನ ಬದಲಿಗೆ ಬೇಕಾದ ಚಪ್ಪಟೆ ಬಿಲ್ಲೆಯನ್ನು ಸವೆದ ಲಾರಿ ಟೈರಿನಿಂದ ಕತ್ತರಿಸಿದರು.

ಅಂಗಳವೊಂದು ಬಾಕಿ. ಸುಗ್ಗಿಯ ಭತ್ತ ಬಂದು ದಾವಣಗೆರೆಯ ಕಣಗಳೆಲ್ಲ ತುಂಬಿದ್ದವು. ಹರಿಹರದಾಚೆ ಶಿವಕುಮಾರನ ಮಿಲ್ಲಿನಲ್ಲಿ ಯಂತ್ರ ರಿಪೇರಿಗೆ ಬಂದು ಕಣ ಖಾಲಿ ಬಿದ್ದಿತ್ತು. ಮಳೆ ನೀರು ನಿಲ್ಲದ ಹಾಗೆ ಅದನ್ನು ಒಂದು ಕಡೆಗೆ ಸ್ವಲ್ಪ ಇಳಿಜಾರು ಮಾಡಿ, ಮೂಲೆಯಲ್ಲಿ ನೀರು ಹೋಗಲು ಒಂದು ಕಂಡಿ ಬಿಟ್ಟಿದ್ದರು. ಕಂಡಿಯ ಆಚೆಗೆ ಓಬಕ್ಕನ ಗದ್ದೆ. ಬೇಸಿಗೆ ಬೆಳೆಗೆಂದು ಆಕೆ ಆ ಮೂಲೆಯಲ್ಲಿಯೇ ಸಸಿ ಮಡಿ ಮಾಡಿಕೊಂಡಿದ್ದಳು. ಭತ್ತದ ಸಸಿ ಗೇಣುದ್ದ ಎದ್ದು ಗಿಳಿಯ ಮೈಬಣ್ಣಕ್ಕೆ ಬಂದಿತ್ತು. ಕಾಲುವೆಗೆ ಚಾನಲ್ ನೀರೂ ಬಿಟ್ಟಿದ್ದರು. ನಾಟಿಗೆ ಆಳುಗಳ ಸರದಿ ಬರುವುದನ್ನೇ ಕಾಯುತ್ತಿದ್ದಳು.

ಕಣದಲ್ಲಿ ನಡೆದಿದ್ದ ಸಿದ್ಧತೆ ನೋಡಿ ಓಬಕ್ಕ ಬದುವಿನ ಮೇಲೆ ಬಂದು ನಿಂತಳು.

"ಸಾವ್ಕಾರ್ರೆ, ಈಟೊಂದು ಐಸ್ ಹಾಕ್ತೀರಂತೆ. ನೀರೆಲ್ಲ ಎತ್ತಾಗ ಹೋಗ್ತೈತ್ರಿ?"

"ನಿನ್ನ ಮಡಿಗೇ ಬರ್ತೈತೆ ಓಬಕ್ಕ, ಬಿಡು. ಐಸ್ ನೀರು ಅಂದ್ರೇನು ತಿಳಿದಿ? ಆಸ್ಪತ್ರಿಗೆ ಕೊಡೋ ಐಸು! ನಿನ್ನ ಸಸಿ ಪುಣ್ಯ ಮಾಡ್ಯಾವೆ."

"ನೀವು ಹೇಳಿದ್ ಮ್ಯಾಲೆ ಆತು ಬಿಡ್ರಿ," ಎಂದು ಓಬಕ್ಕ ನಕ್ಕಳು. "ಆಟ ನಾವೂ ನೋಡಬೋದೇನ್ರಿ, ಹೆಣ್ಮಕ್ಳು?"

"ನಿನಗೆ ಮುಂದಿನ ಸಾಲು!" ಎಂದರು ಅಧ್ಯಕ್ಷರು ಕೈ ಬೀಸಿ. ಉದಾರಿ ಮನುಷ್ಯ. ಸಾಲು ಎನ್ನುವುದು ಇರಲೇ ಇಲ್ಲ.

ಆಟದ ದಿನ ಬೆಳಗಿನ ಮಂಜಿನಲ್ಲಿಯೇ ಲಾರಿಗಳು ಬಂದವು. ವಾರವಿಡೀ ಕೂಡಿಟ್ಟ ಐಸ್ ಗಡ್ಡೆಗಳನ್ನು ಕಣದ ಮೂಲೆಯಲ್ಲಿ ಒತ್ತೊತ್ತಾಗಿ ಮಲಗಿಸಿ, ಸಂದಿಗೆ ಪುಡಿ ಐಸ್ ಮೆತ್ತಿ, ಮೇಲೆ ಭತ್ತದ ಹೊಟ್ಟು ಮುಚ್ಚಿದರು. ಹೊಟ್ಟು ಮುಚ್ಚಿದರೆ ಐಸು ಕರಗದೆ ನಿಲ್ಲುವುದು ಫ್ಯಾಕ್ಟರಿಯವರ ಹಳೆಯ ವಿದ್ಯೆ. ಅಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಮಧ್ಯಾಹ್ನದ ಬಿಸಿಲು ಇಳಿಯುವ ಹೊತ್ತಿಗೆ ಊರೂರು ಸುತ್ತಿ ಸಾರಿದ ಆಟೋದ ಮೈಕಿಗೆ ಮನಸೋತು ಹರಿಹರದವರು, ಸುತ್ತಿನ ಹಳ್ಳಿಯವರು ಕಣದ ಕಟ್ಟೆಯ ಮೇಲೆಲ್ಲ ತುಂಬಿಕೊಂಡರು. ಓಬಕ್ಕ ತನ್ನ ಬದುವಿನ ಮೇಲೆ, ಮುಂದಿನ ಸಾಲಿನಲ್ಲಿ.

ಹೊಟ್ಟು ಗುಡಿಸಿದಾಗ ಜನ ಓಹೋ ಎಂದರು. ಮುರುಗೇಶಪ್ಪನವರ ಕಣ್ಣು ಮಾತ್ರ ಬೇರೆಯದನ್ನೇ ಕಂಡಿತು. ಐಸಿನ ಮೈ ಬೆವೆತಿತ್ತು. ಅಲ್ಲಲ್ಲಿ ನೀರು ಮಿನುಗುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ವೀರರೂ ಸಿಂಹಗಳೂ ಕೊಚ್ಚೆಯಲ್ಲಿ ನಿಲ್ಲುತ್ತಾರೆ.

ಸಂಕಟದ ಹೊತ್ತಿನಲ್ಲಿ ಮನುಷ್ಯನಿಗೆ ನೆನಪಾಗುವುದು ಕೈ ಕಸುಬು. ಕುಲ್ಫಿ ಗಟ್ಟಿಯಾಗಬೇಕಾದರೆ ಏನು ಮಾಡುತ್ತಾರೆ? ಡ್ರಮ್ಮಿನಲ್ಲಿ ಐಸ್ ಪುಡಿ ತುಂಬಿ ಮೇಲೆ ಕಲ್ಲುಪ್ಪು ಚೆಲ್ಲುತ್ತಾರೆ. ಉಪ್ಪು ಬಿದ್ದರೆ ಥಂಡಿ ಏರುತ್ತದೆ, ನಡುವಿನ ಡಬ್ಬಿಯಲ್ಲಿರುವ ಹಾಲು ಕಲ್ಲಾಗುತ್ತದೆ. "ಉಪ್ಪು ತರ್ರೋ!" ಎಂದು ಅಧ್ಯಕ್ಷರು ಗರ್ಜಿಸಿದರು. ಲಾರಿಯಲ್ಲಿ ಫ್ಯಾಕ್ಟರಿಯ ಉಪ್ಪಿನ ಮೂಟೆಗಳಿದ್ದವು. ಸ್ವತಃ ಪಂಚೆ ಎತ್ತಿ ಕಟ್ಟಿ, ಬೀಜ ಬಿತ್ತುವವರ ಹಾಗೆ ಉಪ್ಪು ಎರಚುತ್ತ ಇಡೀ ಅಂಗಳ ಸುತ್ತಿದರು. ಐಸು ಚಟಚಟ ಎಂದಿತು. ಜನ ಚಪ್ಪಾಳೆ ಹೊಡೆದರು.

ಕುಲ್ಫಿ ಗಟ್ಟಿಯಾಗುವುದು ನಿಜ. ಆದರೆ ಸುತ್ತಲಿನ ಐಸು ತಾನು ಕರಗಿಯೇ ಅದನ್ನು ಗಟ್ಟಿ ಮಾಡುತ್ತದೆ. ಇಷ್ಟು ವರ್ಷ ಮುರುಗೇಶಪ್ಪನವರು ಕುಲ್ಫಿಯನ್ನು ನೋಡಿದ್ದರೇ ಹೊರತು ಐಸಿನ ಗತಿಯನ್ನು ನೋಡಿರಲಿಲ್ಲ. ಇಲ್ಲಿ ಡಬ್ಬಿಯೂ ಇಲ್ಲ, ಕುಲ್ಫಿಯೂ ಇಲ್ಲ. ಬರೀ ಐಸು, ಬರೀ ಉಪ್ಪು, ಮೇಲೆ ಮೈಲಪ್ಪನ ಹುಡುಗರು.

ಸೀಟಿ ಊದಿದ್ದೇ ತಡ, ದಿಗ್ವಿಜಯ ಶುರುವಾಯಿತು. ಹಿಮವೀರನೊಬ್ಬ ಬಿಲ್ಲೆಗೆ ಬೀಸಿದ ಕೋಲು ನೀರಿಗೆ ಬಿದ್ದು, ಉಪ್ಪು ನೀರು ಸಿಡಿದು ಎದುರಾಳಿಗಳ ಕಣ್ಣು ಉರಿಯಿತು. ಹಿಮಸಿಂಹವೊಂದು ಗೋಣಿತಾಟು ನೆನೆದು ಭಾರವಾಗಿ, ಕಾಲೆತ್ತಲಾರದೆ ನಿಂತಲ್ಲೇ ನಿಂತು ಸುತ್ತಲೂ ಕೋಲು ತಿರುಗಿಸಿತು. ಗೋಲು ಕಾಯುವವನು ಬಿಲ್ಲೆಯನ್ನು ತಡೆಯಲು ಹಾರಿ, ಗಡ್ಡೆಗಳ ಸಂದಿಯಲ್ಲಿ ಜಾರಿ, ಹೊಟ್ಟಿನ ಗುಡ್ಡೆಯೊಳಗೆ ಸೊಂಟದವರೆಗೆ ಹೂತುಹೋದ. ಬಿಲ್ಲೆ ನೀರಿನ ಜೊತೆ ಜಾರಿ ಹೋಗಿ ಕಂಡಿಯಲ್ಲಿ ಮಾಯವಾಯಿತು. ಅದನ್ನು ಗೋಲು ಎನ್ನಬೇಕೋ ಬೇಡವೋ ಎಂದು ಎರಡು ತಂಡಕ್ಕೂ ಜಗಳ ಹತ್ತಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಓಬಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಕಂಡಿಯಿಂದ ನೀರು ಆಕೆಯ ಕಾಲ ಬುಡದಲ್ಲಿಯೇ ಗಿಳಿಯ ಬಣ್ಣದ ಸಸಿಗೆ ಇಳಿಯುತ್ತಿತ್ತು.

ಜನ ಚದುರಿದ ಮೇಲೆ ಮುರುಗೇಶಪ್ಪನವರು ಕಂಡಿಯ ಹತ್ತಿರ ಹೋಗಿ, ಹರಿಯುವ ನೀರಲ್ಲಿ ಮುಖ ತೊಳೆದರು. ತುಟಿಯ ಬಿರುಕು ಚುರ್ ಎಂದಿತು.

ಅಲ್ಲಿಯವರೆಗೆ ಅವರು ಪಟ್ಟಿದ್ದು ಅವಮಾನ. ಅಲ್ಲಿಂದಾಚೆಗೆ ಪಟ್ಟದ್ದು ಬೇರೆ. ಫ್ಯಾಕ್ಟರಿಯ ಹಿಂದೆ ಕುಲ್ಫಿ ಡ್ರಮ್ಮಿನ ಉಪ್ಪು ನೀರು ಚೆಲ್ಲುವ ಜಾಗದಲ್ಲಿ ಗರಿಕೆ ಕೂಡ ಹುಟ್ಟುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಒಂದು ವರ್ಷ ಆ ನೀರನ್ನು ಹೆಂಡತಿ ಗುರುಶಾಂತಮ್ಮನ ದುಂಡುಮಲ್ಲಿಗೆ ಬಳ್ಳಿಗೆ ಸುರಿದು, ಬಳ್ಳಿ ಸತ್ತು, ಅದರ ಮಾತನ್ನು ಇಂದಿಗೂ ಕೇಳುತ್ತಿದ್ದರು. ಗೊತ್ತಿಲ್ಲದೆ ಆಯಿತು ಎನ್ನಲು ಇದ್ದ ಬಾಗಿಲನ್ನೂ ಅವರೇ ಮುಚ್ಚಿಕೊಂಡಂತಾಗಿತ್ತು. ಆಗಲೇ ಓಬಕ್ಕನನ್ನು ಕೂಗಿ, ಚಾನಲ್ ನೀರು ಹಾಯಿಸಿ ಮಡಿ ತೊಳೆಯಲು ಹೇಳಿದ್ದರೆ ಅರ್ಧ ಸಸಿಯಾದರೂ ಉಳಿಯುತ್ತಿತ್ತೇನೋ. ಬದುವಿನ ಮೇಲೆ ಆಕೆ ಇನ್ನೂ ಒಬ್ಬಳೇ ನಗುತ್ತ ನಿಂತಿದ್ದಳು. ಮುರುಗೇಶಪ್ಪನವರು ಆಕೆಗೆ ಕೈ ಮುಗಿದು ಲಾರಿ ಹತ್ತಿದರು.

ಕೆಲವು ದಿನ ಏನೂ ಆಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಓಬಕ್ಕ ಬಸ್ಸು ಹಿಡಿದು ವಿನೋಬನಗರಕ್ಕೇ ಬಂದಳು. ಫ್ಯಾಕ್ಟರಿಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬಗಲಲ್ಲಿ ಒಂದು ಕಟ್ಟು ಮೆಂತ್ಯ ಸೊಪ್ಪು ಹಿಡಿದುಕೊಂಡು ನಿಂತಳು. ಮನೆಯೂ ಫ್ಯಾಕ್ಟರಿಯೂ ಒಂದೇ ಗೋಡೆಯವು. ಒಳಗೆ ಗುರುಶಾಂತಮ್ಮ ಕಾಳು ಆರಿಸುತ್ತಿದ್ದರು.

"ತಪ್ಪು ತಿಳ್ಕೋಬ್ಯಾಡ್ರಿ ಸಾವ್ಕಾರ್ರೆ. ಸಸಿ ತುದಿ ಎಲ್ಲ ಸುಟ್ಟಂಗ ಆಗ್ಯಾವೆ. ಐಸಿನ ಥಂಡಿ ಏನಾದ್ರೂ ಹತ್ತಿತೇನ್ರಿ? ಐಸಿನ ವಿಚಾರ ನಿಮಗಿಂತ ಯಾರಿಗೆ ಗೊತ್ತೈತೆ ಅಂತ ಕೇಳಾಕ ಬಂದೆ."

ಮುರುಗೇಶಪ್ಪನವರ ನಾಲಗೆಯ ಮೇಲೆ ನಿಜ ಬಂದು ಕೂತಿತ್ತು. ಅದನ್ನು ನುಂಗಿದರು. "ಥಂಡಿ ಇರ್ಬೋದು ಓಬಕ್ಕ. ಬಿಸಿಲಿಗೆ ಸರಿ ಹೋಗ್ತೈತೆ."

"ಹಂಗಾದ್ರೆ ಆತು ಬಿಡ್ರಿ. ಜೀವ ತಣ್ಣಗಾತು." ಓಬಕ್ಕ ಸೊಪ್ಪಿನ ಕಟ್ಟನ್ನು ಮೇಜಿನ ಮೇಲಿಟ್ಟಳು. "ಬದುವಿನ ಮ್ಯಾಗಿಂದು. ಅಮ್ಮಾರಿಗೆ ಕೊಡ್ರಿ. ಅವತ್ತು ಏನು ನಗಿಸಿದ್ರಿ ಸಾವ್ಕಾರ್ರೆ! ಇವತ್ತಿಗೂ ನೆನಸ್ಕೊಂಡು ನಗ್ತೀನಿ."

ಮಧ್ಯಾಹ್ನದ ಊಟಕ್ಕೆ ಆ ಸೊಪ್ಪಿನದೇ ಸಾರು, ಆ ಸೊಪ್ಪಿನದೇ ಪಲ್ಯ. ಮುರುಗೇಶಪ್ಪನವರು ಮೊದಲ ತುತ್ತಿಗೇ ತಲೆಯೆತ್ತಿದರು.

"ಸಾರಿಗೆ ಉಪ್ಪು ಹಾಕಿಲ್ಲೇನು?"

"ಇಲ್ಲ."

"ಪಲ್ಯಕ್ಕೂ ಇಲ್ಲ!"

"ಉಪ್ಪು ಎಲ್ಲಿಂದ ತರ್ಲಿ? ಎಲ್ಲಾನೂ ಹರಿಹರಕ್ಕೆ ಒಯ್ದು ಬಿತ್ತಿ ಬಂದ್ರಲ್ಲ," ಎಂದರು ಗುರುಶಾಂತಮ್ಮ, ಇನ್ನೊಂದು ಸೌಟು ಬಡಿಸುತ್ತ. "ಥಂಡಿ ಇರ್ಬೋದು, ಉಣ್ರಿ. ಬಿಸಿ ಮಾಡಿದ್ರೆ ಸರಿ ಹೋಗ್ತೈತೆ."

ಮುರುಗೇಶಪ್ಪನವರು ತಟ್ಟೆ ಬಿಟ್ಟು ಏಳಲಿಲ್ಲ. ಎದ್ದರೆ ಮಾತಾಡಬೇಕಾಗುತ್ತಿತ್ತು. ಸಪ್ಪೆ ಸಾರನ್ನು ಕೊನೆಯವರೆಗೂ ಉಂಡು, ಕೈ ತೊಳೆದು, ಅಂಗಿ ತೊಟ್ಟು, ಹರಿಹರದ ಬಸ್ಸು ಹತ್ತಿದರು.

ಗದ್ದೆಯ ಬದುವಿನಲ್ಲಿ ಓಬಕ್ಕ ಒಬ್ಬಳೇ ಇರಲೆಂದು ದಾರಿಯುದ್ದಕ್ಕೂ ಶಿವನನ್ನು ಬೇಡಿಕೊಂಡಿದ್ದರು. ಶಿವನಿಗೂ ಅವತ್ತು ತಮಾಷೆ ಬೇಕಾಗಿತ್ತು. ನಾಟಿ ಹೆಂಗಸರ ಮುಂದಾಳು ರಂಗವ್ವ ತನ್ನ ಇಡೀ ಗುಂಪಿನೊಂದಿಗೆ ಅಲ್ಲಿದ್ದಳು. ಮಡಿಯ ಸಸಿಯೆಲ್ಲ ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು.

"ಇದನ್ನೇನು ನಾಟಿ ಮಾಡ್ತಿ, ದನಕ್ಕೆ ಹಾಕು," ಎನ್ನುತ್ತಿದ್ದಳು ರಂಗವ್ವ. "ಸಸಿ ಇಲ್ಲಾಂದ್ರೆ ಹೇಳಿಬಿಡು ಓಬಕ್ಕ. ನಾವು ಬ್ಯಾರೆ ಕಡಿಗೆ ಹೋಗ್ತೀವಿ. ಮತ್ತೆ ಹೊಸದಾಗಿ ಬೀಜ ಚೆಲ್ಲಿ ಸಸಿ ಏಳೋ ಹೊತ್ತಿಗೆ ಕಾಲ ಮೀರಿರ್ತೈತೆ. ಕಡೀಗೆ ತೆನೆ ಕಟ್ಟೋ ಹೊತ್ನಾಗ ಚಾನಲ್ ನಿಲ್ತೈತೆ. ಈ ಬೆಳಿ ಕೈ ಬಿಟ್ಟಂಗೇ."

"ಸಾವ್ಕಾರ್ರು ಬಂದ್ರು ನೋಡು," ಎಂದಳು ಓಬಕ್ಕ ಆಸೆಯಿಂದ. "ಬಿಸಿಲಿಗೆ ಸರಿ ಹೋಗ್ತೈತೆ ಅಂದಿದ್ರಲ್ರಿ. ಹೇಳ್ರಿ ಇವ್ರಿಗೆ."

ಇಡೀ ಗುಂಪು ಅವರತ್ತ ತಿರುಗಿತು. ಮುರುಗೇಶಪ್ಪನವರು ಎಷ್ಟೋ ವೇದಿಕೆಗಳಲ್ಲಿ ಮಾತಾಡಿದವರು. ಇಷ್ಟು ಚಿಕ್ಕ ಭಾಷಣ ಎಂದೂ ಮಾಡಿರಲಿಲ್ಲ.

"ಥಂಡಿ ಅಲ್ಲ ಓಬಕ್ಕ, ಉಪ್ಪು. ನಾನೇ ಹಾಕಿದ್ದು. ಅವತ್ತು ಸಂಜಿಗೇ ನನಗೆ ಗೊತ್ತಾಗಿತ್ತು."

ಓಬಕ್ಕ ಬಗ್ಗಿ ಒಣಗಿದ ಸಸಿಯೊಂದನ್ನು ಕಿತ್ತಳು. "ನಾನು ಫ್ಯಾಕ್ಟ್ರಿಗೆ ಬಂದಾಗ್ಲೂ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಮತ್ತೆ ನಾನು ನಿಮಗೆ ಸೊಪ್ಪು ಕೊಟ್ಟು ಬಂದ್ನಲ್ರಿ," ಎಂದಳು ಓಬಕ್ಕ. ಬೈಯಲಿಲ್ಲ. ತಾನೇ ಏನೋ ಪೆದ್ದುತನ ಮಾಡಿದವಳಂತೆ ತಲೆ ತಗ್ಗಿಸಿ ಬದುವಿನ ಮೇಲೆ ಕೂತಳು. ಮುರುಗೇಶಪ್ಪನವರ ಕೈ ಏನು ಮಾಡಬೇಕೆಂದು ತಿಳಿಯದೆ ತಾನಾಗಿ ಜೇಬಿಗೆ ಹೋಯಿತು.

"ಅದನ್ನ ಒಳಗಿಡ್ರಿ," ಎಂದಳು ರಂಗವ್ವ. "ನೋಟು ನಾಟಿ ಮಾಡಾಕ ಬರಲ್ಲ ನಮಗೆ. ಸಸಿ ತರ್ರಿ. ಕೊಕ್ಕನೂರಾಗ ನಮ್ಮ ಕೆಲಸ ಮುಗಿಯೋದ್ರಾಗ ತಂದ್ರೆ ಈ ಗದ್ದಿಗೆ ಬರ್ತೀವಿ."

ಆ ಸೀಮೆಯಲ್ಲಿ ನಾಟಿಯಾಗಿ ಮಿಕ್ಕ ಸಸಿಯನ್ನು ಮಾರುವುದಿಲ್ಲ. ಯಾರಿಗೆ ಕಡಿಮೆ ಬಿತ್ತೋ ಅವರು ಬಂದು ಕೇಳಿದರೆ ಕೊಡುತ್ತಾರೆ. ಆದರೆ ಕೊಡುವ ಮುಂಚೆ ಒಂದು ಮಾತು ಕೇಳಿಯೇ ಕೇಳುತ್ತಾರೆ: ನಿಮ್ಮ ಸಸಿಗೆ ಏನಾಯಿತು? ರೋಗ ಬಿದ್ದ ಮಡಿಯಲ್ಲಿ ಓಡಾಡಿದ ಕಾಲನ್ನು ಯಾರೂ ತಮ್ಮ ಮಡಿಗೆ ಇಳಿಸುವುದಿಲ್ಲ. ಆದ್ದರಿಂದ ಕೇಳಲು ಬಂದವರು ಪೂರ್ತಿ ಕತೆ ಹೇಳಬೇಕು, ಅದು ಕೊಡುವವರಿಗೆ ನಂಬಿಕೆಯೂ ಆಗಬೇಕು.

ಮರುದಿನ ಬೆಳಿಗ್ಗೆ ಮೈಲಪ್ಪನ ಸ್ಕೂಟರಿನ ಹಿಂದೆ ಕೂತು ಅಧ್ಯಕ್ಷರು ಎರಡನೆಯ ದಿಗ್ವಿಜಯಕ್ಕೆ ಹೊರಟರು. ಮೊದಲು ಸಿಕ್ಕವನು ಕೊಕ್ಕನೂರಿನ ಗೋಣೆಪ್ಪ. ಮಡಿಯಲ್ಲಿ ಸಸಿ ಬೇಕಾದಷ್ಟು ಮಿಕ್ಕಿತ್ತು.

"ತಗೊಂಡ್ ಹೋಗ್ರಿ, ಅದಕ್ಕೇನು. ಏನಾತ್ರಿ ನಿಮ್ಮ ಸಸಿಗೆ? ಬೆಂಕಿ ರೋಗಾನಾ?"

"ರೋಗ ಅಲ್ಲ. ಉಪ್ಪು ನೀರು ಬಿತ್ತು."

"ಉಪ್ಪು ನೀರಾ? ಹರಿಹರಕ್ಕೆ ಸಮುದ್ರ ಯಾವಾಗ ಬಂತು?"

"ಐಸ್ ಕರಗಿದ್ದು... ಅದರ ಮ್ಯಾಲೆ ಉಪ್ಪು ಹಾಕಿದ್ವಿ."

"ಐಸ್ ಯಾಕ ಬಂತು ಗದ್ದಿಗೆ?"

"ಐಸ್ ಹಾಕಿ ಆಡ್ಸಾಕೆ."

"ಹಾಕಿ ಅಂದ್ರೆ ನೆಲದ ಮ್ಯಾಲೆ ಆಡೋದಲ್ಲೇನ್ರಿ?" ಎಂದು ಗೋಣೆಪ್ಪ ಅನುಮಾನದಿಂದ ಅವರ ಕಾಲು ನೋಡಿದ. "ನಿಜ ಹೇಳ್ರಿ. ರೋಗಾನೇ ಹೌದಲ್ರಿ?"

ಮೈಲಪ್ಪ ಸ್ಕೂಟರಿನಿಂದ ಒಂದು ಹಾಕಿ ಕೋಲು ತೆಗೆದುಕೊಟ್ಟ. ಬೇಕೆಂತಲೇ ತಂದಿದ್ದ. "ತೋರ್ಸಲೇ ಮುರುಗ್ಯಾ. ಇಲ್ದಿದ್ರೆ ನಂಬಂಗಿಲ್ಲ ಅವರು."

ಐವತ್ತು ದಾಟಿದ, ಸಕಲ ಸಮಿತಿಗಳ ಅಧ್ಯಕ್ಷರಾದ ಮುರುಗೇಶಪ್ಪನವರು ಬದುವಿನ ಮೇಲೆ ಪಂಚೆ ಎತ್ತಿ ಕಟ್ಟಿ, ಬಗ್ಗಿ, ಇಲ್ಲದ ಐಸಿನ ಮೇಲೆ ಇಲ್ಲದ ಬಿಲ್ಲೆಯನ್ನು ಹೊಡೆದು ತೋರಿಸಿದರು. ಉಪ್ಪು ಎರಚಿದ್ದನ್ನು ತೋರಿಸಿದರು. ಗೋಲು ಕಾಯುವವನು ಹೊಟ್ಟಿನಲ್ಲಿ ಹೂತದ್ದನ್ನು ಮೈಲಪ್ಪನ ಒತ್ತಾಯಕ್ಕೆ ತೋರಿಸಿದರು. ಗೋಣೆಪ್ಪ ನಕ್ಕೂ ನಕ್ಕೂ ಬದುವಿನ ಮೇಲೆ ಉರುಳಿದ. ಆಮೇಲೆ ಕಣ್ಣೊರೆಸಿಕೊಂಡು ಮನೆಯವರನ್ನೆಲ್ಲ ಕರೆದ. "ಇನ್ನೊಂದ್ಸಲ ತೋರ್ಸ್ರಿ, ನಮ್ಮವ್ವ ನೋಡಿಲ್ಲ."

ಒಂದೊಂದು ಮಡಿಯಲ್ಲಿ ಸಿಕ್ಕುವುದು ನಾಲ್ಕೈದು ಕಟ್ಟು. ಆದ್ದರಿಂದ ಮಡಿಯಿಂದ ಮಡಿಗೆ, ಊರಿಂದ ಊರಿಗೆ, ಮಲೆಬೆನ್ನೂರಿನವರೆಗೂ ಹೋಗಬೇಕಾಯಿತು. ಎಲ್ಲ ಕಡೆಯೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಪ್ರದರ್ಶನ. ಅವರು ತಲುಪುವ ಮೊದಲೇ ಸುದ್ದಿ ಹೋಗಿ, ಕೆಲವು ಕಡೆ ಜನ ಗುಂಪುಗೂಡಿ ಕಾಯುತ್ತಿದ್ದರು. ಹರಿಹರ ತಾಲ್ಲೂಕಿನಲ್ಲಿ ಐಸ್ ಹಾಕಿಯ ಹೆಸರು ಕೇಳದ ಮನೆ ಉಳಿಯಲಿಲ್ಲ. ಆಟೋದ ಮೈಕಿನಿಂದ ಆಗದ ಪ್ರಚಾರ ಅವರ ಮಾನದ ಖರ್ಚಿನಲ್ಲಿ ಆಯಿತು.

ಸಂಜೆ ಮಣ್ಣು ಮೆತ್ತಿದ ಸಸಿ ಕಟ್ಟುಗಳನ್ನು ತೊಡೆಯ ಮೇಲೆ ಹೇರಿಕೊಂಡು ಸ್ಕೂಟರಿನಲ್ಲಿ ಬರುವಾಗ ಮುರುಗೇಶಪ್ಪನವರು ಕೇಳಿದರು: "ಮೈಲ್ಯಾ, ಅವತ್ತು ನೀನು ಹೇಳಿದ್ದೇ ಸರಿ ಅಲ್ಲೇನೋ? ಹೊಸ ಊರಿಗೆ ಆಟ ಒಯ್ಯಬಾರದಿತ್ತು."

"ನಾನು ಹಂಗೆಲ್ಲಿ ಅಂದೆ?" ಎಂದ ಮೈಲಪ್ಪ ಗಾಳಿಗೆ ಎದುರಾಗಿ ಕೂಗುತ್ತ. "ನಮ್ಮ ಹಾಕಿನೂ ಹೊರಗಿಂದ ಬಂದಿದ್ದೇ. ಯಾರೋ ಒಬ್ಬ ಕೋಲು ತಂದ, ನಿಂತು ಕಲಿಸ್ದ, ಹುಡುಗ್ರ ಮೊಣಕಾಲು ಒಡೆದ್ರೆ ಔಷಧಿ ಹಚ್ಚಿದ. ಅದಕ್ಕೇ ಉಳೀತು. ನೀನು ಐಸ್ ಇಳಿಸ್ದಿ, ಲಾರಿ ಹತ್ತಿದಿ."

ಸಸಿಯ ನೀರು ಅಧ್ಯಕ್ಷರ ಪಂಚೆಯಿಂದ ದಾರಿಯುದ್ದಕ್ಕೂ ತೊಟ್ಟಿಕ್ಕುತ್ತಿತ್ತು.

ಕೊಕ್ಕನೂರಿನ ನಾಟಿ ಮುಗಿಯುವುದರೊಳಗೆ ಸಸಿ ಸೇರಿತು. ರಂಗವ್ವ ಮಾತಿಗೆ ತಪ್ಪದೆ ಗುಂಪು ಕರೆತಂದಳು. ಹತ್ತಾರು ಮಡಿಯ ಸಸಿ, ಹತ್ತಾರು ತರದ ಹಸಿರು. ನಾಟಿಯಾದ ಗದ್ದೆ ತೇಪೆ ಹಾಕಿದ ಕೌದಿಯ ಹಾಗಿತ್ತು. ಮುರುಗೇಶಪ್ಪನವರು ಮೊಣಕಾಲುದ್ದ ಕೆಸರಿನಲ್ಲಿ ನಿಂತು ಕಟ್ಟು ಎಸೆಯುವ ಕೆಲಸ ಮಾಡಿದರು. ಓಬಕ್ಕ ಅವರ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಿದ್ದಳು.

ಸತ್ತ ಸಸಿಯ ಮಡಿಯನ್ನು ನೀರು ಹಾಯಿಸಿ ತೊಳೆಯುತ್ತಿದ್ದಾಗ ಆಕೆಯ ಕಾಲಿಗೆ ಏನೋ ತಗುಲಿತು. ಬಗ್ಗಿ ತೆಗೆದಳು. ಟೈರಿನ ಬಿಲ್ಲೆ. ಸೆರಗಿನಿಂದ ಕೆಸರು ಒರೆಸಿ, ತಿರುಗಿಸಿ ತಿರುಗಿಸಿ ನೋಡಿದಳು. ಮುಖದ ಮೇಲೆ, ತಡೆದರೂ ತಡೆಯದ ಹಾಗೆ, ಆವತ್ತಿನ ನಗು ಬಂತು.

"ಇದು ಇಲ್ಲಿಗೆ ಬಂದಿದ್ದು ಗೋಲಾತೇನ್ರಿ, ಇಲ್ಲೇನ್ರಿ? ಅವತ್ತು ಹುಡುಗ್ರು ಜಗಳ ಆಡಿದ್ರಲ್ಲ, ಅದೊಂದು ತಿಳೀಲೇ ಇಲ್ಲ ನನಗೆ."

ನಾಟಿ ಹೆಂಗಸರು ಸೊಂಟ ನೇರ ಮಾಡಿ ಉತ್ತರಕ್ಕೆ ಕಾದರು. ಮುರುಗೇಶಪ್ಪನವರು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟರು.

"ನನಗೂ ಗೊತ್ತಿಲ್ಲ ಓಬಕ್ಕ," ಎಂದರು. "ನಾನು ಆ ಆಟಾನ ಪೂರ್ತಿ ಒಂದ್ಸಲಾನೂ ನೋಡಿಲ್ಲ."

ರಂಗವ್ವನ ಗುಂಪು ಗದ್ದೆಯ ತುಂಬ ನಕ್ಕಿತು. ಓಬಕ್ಕ ಮಾತ್ರ ನಗಲಿಲ್ಲ. ಬಿಲ್ಲೆಯನ್ನು ಅವರ ಕೈಗೆ ಕೊಡದೆ ತನ್ನ ಮಡಿಲಿಗೆ ಸೇರಿಸಿದಳು. "ಹಂಗಾದ್ರೆ ಯಾರನ್ನಾದ್ರೂ ಗೊತ್ತಿದ್ದೋರನ್ನ ಕೇಳಿ ಹೇಳ್ರಿ. ನಾನು ಕಾಯ್ತೀನಿ."

ಬೆಳೆ ಚೆನ್ನಾಗಿ ಬಂತು. ಹತ್ತಾರು ಹಸಿರು ಕೊನೆಗೆ ಒಂದೇ ಹಳದಿಯಾಯಿತು. ಆ ಲೆಕ್ಕದಲ್ಲಿ ನೋಡಿದರೆ ಮುರುಗೇಶಪ್ಪನವರು ತಲೆಯೆತ್ತಿ ಎಡಗಡೆಯ ಕಿಟಕಿಯಲ್ಲಿ ಕೂರಬಹುದು. ಕೂರಲಾರರು. ಆ ತಿರುವಿನಲ್ಲಿ ಬಸ್ಸು ನಿಧಾನವಾಗುತ್ತದೆ. ಬದುವಿನ ಮೇಲೆ ಓಬಕ್ಕ ಇದ್ದರೆ ಕಿಟಕಿಗೆಲ್ಲ ಕಣ್ಣಾಡಿಸುತ್ತಾಳೆ. ಅವರೇನಾದರೂ ಕಂಡರೆ ಕುಡುಗೋಲು ಹಿಡಿದ ಕೈ ಎತ್ತಿ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಾಳೆ. ದಾವಣಗೆರೆ–ಹರಿಹರ ವೃತ್ತಿಪರ ಐಸ್ ಹಾಕಿ ಮಂಡಳಿ ಇಷ್ಟೆಲ್ಲ ಪರಾಕ್ರಮ ಮಾಡಿ ಜಗತ್ತಿನಲ್ಲಿ ಗಳಿಸಿದ ಅಭಿಮಾನಿ ಆಕೆ ಒಬ್ಬಳೇ. ಆಕೆಯ ದನಿಯಲ್ಲಿ ಕುಹಕದ ಎಳೆಯೂ ಇರುವುದಿಲ್ಲ. ಇದ್ದಿದ್ದರೆ ಮುರುಗೇಶಪ್ಪನವರು ಅದನ್ನು ಹೇಗೋ ತಡೆದುಕೊಳ್ಳುತ್ತಿದ್ದರು.

"ಸಾವ್ಕಾರ್ರೆ! ಕೇಳಿದ್ರೇನ್ರಿ? ಗೋಲೋ ಅಲ್ಲೋ? ಮತ್ತೆ ಯಾವಾಗ್ರಿ ಆಟ?"

ಮುರುಗೇಶಪ್ಪನವರು ಬಗ್ಗಿ ಚಪ್ಪಲಿ ಹುಡುಕುತ್ತಿರುತ್ತಾರೆ.